ಎದುರು ಸೊಲ್ಲು

ಹೊಸದಾಗಿ ಹಾಡಲು ಬರುವ ಹುಡುಗಿಯರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಬಿಸಿನೀರು ಕುಡಿಯಿರಿ, ಮೊಸರು ಬಿಡಿ, ಬೆಳಿಗ್ಗೆ ಬೇಗ ಎದ್ದು ಅಭ್ಯಾಸ ಮಾಡಿ, ಹಿರಿಯರನ್ನು ಗೌರವಿಸಿ. ನಾಲ್ಕಾಯಿತು. ಇಷ್ಟು ಸಾಕೆನ್ನುವವರು ಇಲ್ಲಿಗೇ ಪುಟ ಮಡಚಿ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ನಾನು ಮೂವತ್ತೆರಡು ವರ್ಷ ಬೆಂಗಳೂರಿನ ಹೋಟೆಲು, ಕ್ಲಬ್ಬುಗಳಲ್ಲಿ ಜಾಝ್ ಹಾಡಿದವಳು. ಮನೆಯಲ್ಲಿಟ್ಟ ಹೆಸರು ಸರೋಜ, ಹೋಟೆಲಿನ ಬೋರ್ಡಿನ ಮೇಲೆ ಸಾರಾ. ಈಗ ಅರಸೀಕೆರೆಯಲ್ಲಿ, ನಾನು ಬೆಳೆದ ರೈಲ್ವೆ ಕಾಲೊನಿಯಿಂದ ಎರಡು ಬೀದಿ ಆಚೆ, ಬಾಡಿಗೆ ಮನೆಯಲ್ಲಿದ್ದೇನೆ. ಅಷ್ಟು ವರ್ಷ ಹಾಡಿದರೂ ಹೋದ ವರ್ಷದವರೆಗೆ ನನ್ನ ದನಿಯ ಒಂದೇ ಒಂದು ರೆಕಾರ್ಡಿಂಗ್ ಇರಲಿಲ್ಲ. ಯಾರದೋ ಫೋನಿನಲ್ಲಿ ತಟ್ಟೆ ಲೋಟಗಳ ಸದ್ದಿನ ನಡುವೆ ಅರ್ಧ ಹಾಡು ಇದ್ದೀತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾಕಿಲ್ಲ ಎಂದು ಕೇಳಿದವರಿಗೆಲ್ಲ, ನಮ್ಮ ಬ್ಯಾಂಡಿನ ಯಜಮಾನ ವಿಕ್ಟರ್ ನನ್ನ ಹಾಡನ್ನು ಅಳಿಸಿಹಾಕಿದ ಎಂದು ಹೇಳುತ್ತಾ ಬಂದೆ. ಅದು ಸುಳ್ಳು. ವಿಕ್ಟರ್ ಈಗಿಲ್ಲ, ಇದ್ದಾಗಲೂ ಎದುರುತ್ತರ ಕೊಡಲಿಲ್ಲ. ನಿಜ ಏನೆಂದು ಬರೆದಿಡುವುದಕ್ಕೆ ಇದೊಂದು ನೆಪ ಸಿಕ್ಕಿದೆ.

ಜಾಝ್ ಎಂದರೆ ಬಹಳ ಜನಕ್ಕೆ ಮಂದ ದೀಪ, ಉದ್ದ ಗೌನು, ತುಟಿಗೆ ಬಣ್ಣ. ನಿಜವಾಗಿ ಅದರಲ್ಲಿ ಇರುವುದು ಒಂದೇ ವಿಷಯ. ಹಾಡನ್ನು ಒಂದು ಸಲ ಇದ್ದಂತೆಯೇ ಹಾಡುತ್ತೀರಿ. ಆಮೇಲೆ ಅದೇ ತಾಳ, ಅದೇ ಸುತ್ತು ಹಿಂದೆ ನಡೆಯುತ್ತಿರುತ್ತದೆ, ಅದರ ಮೇಲೆ ನೀವು ಆ ಗಳಿಗೆಗೆ ತೋಚಿದ್ದನ್ನು ಹಾಡಬೇಕು. ಪದ ಇರಬಹುದು, ಬರೀ ದಬದಬ ಎಂಬ ಸದ್ದೂ ಇರಬಹುದು. ನಿನ್ನೆ ಹಾಡಿದ್ದನ್ನು ಇವತ್ತು ಹಾಡಿದರೆ ಮರ್ಯಾದೆ ಇಲ್ಲ. ಇದನ್ನು ನಾನು ಕಲಿತದ್ದು ಅಮೆರಿಕದ ಗ್ರಾಮಫೋನ್ ತಟ್ಟೆಗಳಿಂದ ಎಂದು ಪತ್ರಿಕೆಯವರೊಬ್ಬರು ಒಮ್ಮೆ ಬರೆದರು. ಕಲಿತದ್ದು ಗಂಡಸಿಯ ಕಡೆಯ ಮದುವೆಗಳಲ್ಲಿ.

ನಮ್ಮಪ್ಪ ಅರಸೀಕೆರೆಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಅವರ ತಾಯಿ ಕೆಂಚಮ್ಮ ಗಂಡಸಿ ಹೋಬಳಿಯ ಒಂದು ಹಳ್ಳಿಯಲ್ಲಿದ್ದರು. ಆ ಸುತ್ತಿನಲ್ಲಿ ಯಾರ ಮನೆ ಮದುವೆಯಾದರೂ ಬೀಗರ ಹಾಡಿಗೆ ಅಜ್ಜಿಯೇ ಆಗಬೇಕು. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಸಾಲಾಗಿ ನಿಂತು ಅವರನ್ನು ಹಾಡಿನಲ್ಲೇ ಹಂಗಿಸುವ ಪದ್ಧತಿ ಅದು. ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಅಷ್ಟು ಹೊತ್ತಿಗೆ ಗಂಡಿನ ಕಡೆಯ ಹೆಂಗಸರು ಅದಕ್ಕೆ ಎದುರು ಸೊಲ್ಲು ಹೊಂದಿಸಿಕೊಂಡು ತಿರುಗಿ ಹಾಡಬೇಕು, ಇಲ್ಲವಾದರೆ ಸೋತ ಹಾಗೆ. ಅಜ್ಜಿ ಒಂದು ಪಂಕ್ತಿಯ ಮೇಲೆ ಕಣ್ಣಾಡಿಸಿದರೆ ಸಾಕು, ಬೀಗರ ಬೊಜ್ಜು, ಬೀಗಿತ್ತಿಯ ಬಿಂಕ, ಮಾವನ ಹಲ್ಲು ಸೆಟ್ಟು ಎಲ್ಲ ತಾಳಕ್ಕೆ ಕೂತು ಹೊರಗೆ ಬರುತ್ತಿದ್ದವು. ಬೈಸಿಕೊಂಡವರೇ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ನಗುತ್ತಿದ್ದರು.

ಏಳೆಂಟು ವರ್ಷದವಳಿದ್ದಾಗ ನಾನು ಮನೆಯಲ್ಲೇ ಒಂದು ಸೊಲ್ಲು ಕಟ್ಟಿ, ಬಾಯಿಪಾಠ ಮಾಡಿಕೊಂಡು ಮದುವೆಗೆ ಹೋಗಿ ಹಾಡಿದೆ. ಬೀಗರ ಮೀಸೆಯ ಮೇಲಿತ್ತು ಪದ. ಆ ಬೀಗರಿಗೆ ಮೀಸೆಯೇ ಇರಲಿಲ್ಲ. ಅಜ್ಜಿ ಎಲ್ಲರೆದುರೂ ನಕ್ಕು, ಆಮೇಲೆ ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಮನೇಲಿ ಕಟ್ಕೊಂಡು ಬಂದ್ ಪದ ಹಳಸಿದ್ ಅನ್ನ ಕಣೇ. ಎದುರಿಗಿರೋರ ಮುಖ ನೋಡು. ಅದ್ರಾಗೇ ಐತೆ ಪದ."

ಇಷ್ಟೇ ನನಗೆ ಆದ ಉಪದೇಶ. ಇದರ ಮೇಲೆ ಮೂವತ್ತೆಂಟು ವರ್ಷ ಹೊಟ್ಟೆ ಹೊರೆದೆ.

ಉಳಿದದ್ದನ್ನು ಕಲಿಸಿದವರು ಡೋರಾ ಆಂಟಿ. ಎಂಜಿನ್ ಡ್ರೈವರೊಬ್ಬರ ಹೆಂಡತಿ, ಆಂಗ್ಲೋ ಇಂಡಿಯನ್. ಗಂಡ ತೀರಿಕೊಂಡ ಮೇಲೂ ಕಾಲೊನಿಯ ಹತ್ತಿರವೇ ಮನೆ ಮಾಡಿಕೊಂಡಿದ್ದರು. ಅವರ ಮನೆಯಲ್ಲಿ ಗೆದ್ದಲು ಹಿಡಿದ ಒಂದು ಪಿಯಾನೋ ಇತ್ತು, ಏಳೆಂಟು ಕೀಗಳು ಒತ್ತಿದರೂ ಸದ್ದೇ ಮಾಡುತ್ತಿರಲಿಲ್ಲ. ನನಗೆ ನಾಲ್ಕರ ಎಣಿಕೆ, ಹನ್ನೆರಡು ಮನೆಯ ಸುತ್ತು, ಎಲ್ಲಿ ಬಿಡಬೇಕು ಎಲ್ಲಿ ಹಿಡಿಯಬೇಕು ಎಂಬುದನ್ನೆಲ್ಲ ಮೊಣಕಾಲಿನ ಮೇಲೆ ಬೆರಳಿನಿಂದ ಹೊಡೆದು ಹೊಡೆದು ಕಲಿಸಿದರು. ತಾಳದ ಒಂದೊಂದು ತುಂಡನ್ನೂ ಅವರು ಮನೆ ಎನ್ನುತ್ತಿದ್ದರು, ನನಗೂ ಅದೇ ರೂಢಿಯಾಯಿತು. ನಾನು ಬಾಯಿಪಾಠ ಒಪ್ಪಿಸಿದರೆ, "ಬೇಬಿ, ನೀನು ಹಾಡ್ತಾ ಇಲ್ಲ, ಓದ್ತಾ ಇದೀಯಾ" ಎಂದು ಪಿಯಾನೋ ಮುಚ್ಚಿಬಿಡುತ್ತಿದ್ದರು.

ಒಂದು ಸಲ ಅಜ್ಜಿ ನಮ್ಮ ಮನೆಗೆ ಬಂದಿದ್ದಾಗ ನನ್ನನ್ನು ಹುಡುಕಿಕೊಂಡು ಡೋರಾ ಆಂಟಿಯ ಬಾಗಿಲಿಗೆ ಬಂದರು. ಆಂಟಿ ನುಡಿಸುತ್ತಿದ್ದರು. ಅಜ್ಜಿ ಒಂದು ಗಳಿಗೆ ಕೇಳಿಸಿಕೊಂಡು, ಹೊಸಿಲ ಮೇಲೆ ನಿಂತೇ, ಮೊಣಕಾಲಿಗೆ ಬಟ್ಟೆ ಸಾಲದ ಬೀಗಿತ್ತಿಯ ಮೇಲೆ ಸೊಲ್ಲು ಎತ್ತಿಬಿಟ್ಟರು. ಆಂಟಿಗೆ ಒಂದು ಮಾತೂ ಅರ್ಥವಾಗಲಿಲ್ಲ, ತನ್ನನ್ನೇ ಹಂಗಿಸುತ್ತಿದ್ದಾರೆ ಎಂಬುದು ಮಾತ್ರ ಅರ್ಥವಾಯಿತು. ಪಿಯಾನೋದ ಎಡಗಡೆಯಿಂದ ಒಂದು ಒರಟು ಜವಾಬು ಕೊಟ್ಟರು. ಅಜ್ಜಿ ಅದಕ್ಕೆ ಇನ್ನೊಂದು ಹಾಕಿದರು. ಹೀಗೆ ಅರ್ಧ ಗಂಟೆ. ಕೊನೆಗೆ ಇಬ್ಬರೂ ಕಣ್ಣೊರೆಸಿಕೊಂಡು ಕಾಫಿ ಕುಡಿದರು. ಆಮೇಲೆ ದೊಡ್ಡ ದೊಡ್ಡ ವಾದಕರ ಜೊತೆ ಹಾಡಿದ್ದೇನೆ, ಅಂಥ ಅರ್ಧ ಗಂಟೆ ಮತ್ತೆ ನೋಡಲಿಲ್ಲ.

ವಿಕ್ಟರ್ ಡೋರಾ ಆಂಟಿಯ ದೂರದ ಸಂಬಂಧಿ, ಪಿಯಾನೋ ನುಡಿಸುತ್ತಿದ್ದ. ಅವನ ಬ್ಯಾಂಡಿಗೆ ನಾನು ಸೇರಿದ್ದು ಹತ್ತೊಂಬತ್ತರಲ್ಲಿ. ಅಲ್ಲಿ ಹೋದ ಮೇಲೆ ತಿಳಿದದ್ದು ಇಷ್ಟು: ಹೆಂಗಸು ಹಾಡಿನ ಮಾತು ಹಾಡಬೇಕು, ಪಕ್ಕಕ್ಕೆ ಸರಿದು ಮುಗುಳ್ನಗುತ್ತಾ ನಿಲ್ಲಬೇಕು, ಗಂಡಸರು ಒಬ್ಬೊಬ್ಬರಾಗಿ ತೋಚಿದ್ದನ್ನು ನುಡಿಸಿ ಮೆರೆಯುತ್ತಾರೆ, ಕೊನೆಗೆ ಹೆಂಗಸು ಬಂದು ಮತ್ತೆ ಮಾತು ಹಾಡಿ ಮುಗಿಸಬೇಕು. ಬ್ಯಾಂಡಿನವರ ಭಾಷೆಯಲ್ಲಿ ನಾನು ದೀಪದ ಕಂಬ. ಮೂರು ವರ್ಷ ಹಾಗೆ ನಿಂತೆ. ಒಂದು ಸಂಜೆ ಸ್ಯಾಕ್ಸೊಫೋನಿನವನು ಹೇಳದೆ ಕೇಳದೆ ಕೈಕೊಟ್ಟ. ಅವನ ಸುತ್ತು ಬಂದಾಗ ಜಾಗ ಖಾಲಿ ಬಿತ್ತು, ನಾನು ನುಗ್ಗಿದೆ. ವಿಕ್ಟರ್ ನನ್ನ ಕಡೆ ಕೆಕ್ಕರಿಸಿಕೊಂಡು ನೋಡಿದ, ಆದರೆ ಅವನ ಬೆರಳು ನನ್ನ ಹಿಂದೆ ಬಂದವು. ಅಂದಿನಿಂದ ದಿನಕ್ಕೊಂದು ಸುತ್ತು ನನ್ನದೆಂದು ಆಯಿತು. ಕೊಡಲಿಲ್ಲ, ಕಿತ್ತುಕೊಂಡದ್ದು. ಈಗಿನ ಹುಡುಗಿಯರು ಇದನ್ನು ಗಮನಿಸಬೇಕು.

ಆ ಸುತ್ತಿನಲ್ಲಿ ನಾನೇನು ಹಾಡುತ್ತಿದ್ದೆ ಎಂದು ಯಾರಿಗೂ ಗೊತ್ತಿರಲಿಲ್ಲ. ದಬದಬದ ನಡುವೆ ಅಜ್ಜಿಯ ಕಸುಬು ನಡೆಯುತ್ತಿತ್ತು. ಮುಂದಿನ ಮೇಜಿನವರ ಮುಖ ನೋಡಿ ಅಚ್ಚ ಕನ್ನಡದಲ್ಲಿ ಬೀಗರ ಪದ ಹಾಕುತ್ತಿದ್ದೆ. ಅಲ್ಲಿಗೆ ಬರುವವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯ. ಅವರು ಆಫ್ರಿಕಾದ ಭಾಷೆ ಎಂದುಕೊಂಡು ತಲೆದೂಗುತ್ತಿದ್ದರು.

ಒಂದು ಸಂಜೆ ಮಂದ ಬೆಳಕಿನಲ್ಲೂ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಒಬ್ಬ ಯಜಮಾನರು ಕಣ್ಣಿಗೆ ಬಿದ್ದರು, ಪಕ್ಕದಲ್ಲಿ ಹೆಂಡತಿ. ನನಗೆ ಹಬ್ಬವಾಯಿತು.

ಕತ್ತಲಾಗೆ ಕರಿ ಕನ್ನಡಕ ಇಟ್ಟ ಬೀಗಣ್ಣ
ತಟ್ಟೆ ಯಾವ್ದು ಹೆಂಡ್ತಿ ಕೈ ಯಾವ್ದು ತಿಳಿದಾನೋ?

ಮೂರು ರೀತಿಯಲ್ಲಿ ತಿರುಗಿಸಿ ಹಾಡಿದೆ. ವಿರಾಮದಲ್ಲಿ ಮ್ಯಾನೇಜರು ಕರೆಸಿದರು. ಕನ್ನಡಕದ ಯಜಮಾನರು ಅರೇಹಳ್ಳಿ ಕಡೆಯ ಕಾಫಿ ತೋಟದವರು, ಕನ್ನಡದವರೇ. ಆ ವಾರವೇ ಕಣ್ಣಿನ ಆಪರೇಷನ್ ಆಗಿತ್ತು. ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು ಗೋಡೆ ನೋಡುತ್ತಿದ್ದರು. ನಾನು ಕ್ಷಮಿಸಿ ಎಂದಾಗ ಯಜಮಾನರು ಮಾತ್ರ ಮೆಲ್ಲಗೆ ಹೇಳಿದರು:

"ಪದ ಚೆನ್ನಾಗೇ ಕಟ್ಟಿದೀಯಮ್ಮ. ಆದ್ರೆ ಬೀಗರ ಹಾಡು ಹಾಡೋದಕ್ಕೆ ನಾವು ನಿನಗೆ ಏನಾಗಬೇಕು?"

ಬೈದಿದ್ದರೆ ಮರೆಯುತ್ತಿದ್ದೆ. ಆರು ತಿಂಗಳು ನನ್ನ ಸುತ್ತಿನಲ್ಲಿ ಕನ್ನಡ ಬರಕೂಡದೆಂದು ಮ್ಯಾನೇಜರು ಕಟ್ಟಪ್ಪಣೆ ಮಾಡಿದರು, ಅದೂ ಪರವಾಗಿಲ್ಲ. ಆ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಅಜ್ಜಿ ಹಂಗಿಸುತ್ತಿದ್ದದ್ದು ಎದುರು ಸೊಲ್ಲು ಕೊಡುವ ಹಕ್ಕಿದ್ದವರನ್ನು. ನಾನು ಹಂಗಿಸುತ್ತಿದ್ದದ್ದು ಬಾಯಿ ಇಲ್ಲದವರನ್ನು.

ಇಪ್ಪತ್ತೇಳನೇ ವಯಸ್ಸಿನಲ್ಲಿ ರೆಕಾರ್ಡಿಂಗಿನ ಅವಕಾಶ ಬಂತು. ಬ್ಯಾಂಡಿನದೊಂದು ರೆಕಾರ್ಡ್ ಮಾಡಲು ವಿಕ್ಟರ್ ಒಂದು ಸ್ಟುಡಿಯೋ ಗೊತ್ತು ಮಾಡಿದ. ಎರಡು ದಿನ ನಮ್ಮದು. ಅದರಲ್ಲೊಂದು ಹಾಡು ಪೂರ್ತಿ ನನ್ನದು, ಪದ ಕೂಡ ನನ್ನದೇ, ಕನ್ನಡದಲ್ಲಿ, ಬೀಗರ ಹಾಡಿನ ಚಾಲಿನಲ್ಲಿ, ಹನ್ನೆರಡು ಮನೆಯ ಸುತ್ತಿನ ಮೇಲೆ. ಅಂಥದ್ದು ಆಗ ಯಾರೂ ಮಾಡಿರಲಿಲ್ಲ. ವಿಕ್ಟರನನ್ನು ಒಪ್ಪಿಸಲು ವರ್ಷ ಹಿಡಿದಿತ್ತು.

ಮೊದಲ ದಿನ ಗಾಜಿನ ಕೋಣೆಯೊಳಗೆ ನಿಲ್ಲಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ತಾಳ ಶುರುವಾಯಿತು. ಬಾಯಿ ತೆರೆದರೆ ಏನೂ ಬರಲಿಲ್ಲ. ಬಂದದ್ದೆಲ್ಲ ಹಳಸಿದ್ದು. ಎದುರಿಗೆ ಗಾಜು, ಗಾಜಿನಲ್ಲಿ ನನ್ನದೇ ಮುಖ. ಯಾರನ್ನು ಹಂಗಿಸಲಿ? ಸಂಜೆಯವರೆಗೆ ಒದ್ದಾಡಿ, ಕೊನೆಗೆ ವಿಕ್ಟರನಿಗೆ ಹೇಳಿದೆ, ನಮ್ಮಜ್ಜಿಯನ್ನು ಕರೆಸಬೇಕು, ಎದುರಿಗೆ ಕೂರಿಸಿದರೆ ಹಾಡುತ್ತೇನೆ. ಅವನು ನಗಲಿಲ್ಲ. ಡೋರಾ ಆಂಟಿಯ ಕಡೆಯವನಲ್ಲವೇ, ಅರ್ಥವಾಯಿತು. ಅಪ್ಪನ ಶೆಡ್ಡಿಗೆ ಫೋನು ಮಾಡಿಸಿದೆ. ಮಾರನೆಯ ದಿನ ಅಜ್ಜಿ ಬೆಳಗಿನ ರೈಲಿಗೆ ಬಂದಿಳಿದರು, ಆಗ ಅವರಿಗೆ ಎಂಬತ್ತರ ಹತ್ತಿರ. ಸ್ಟುಡಿಯೋದವರು ಗಾಜಿನ ಕೋಣೆಯೊಳಗೇ ನನ್ನೆದುರು ಕುರ್ಚಿ ಹಾಕಿ, ಕೈಸನ್ನೆ ಮಾಡಿ, ಕೆಮ್ಮಬಾರದು, ಬಳೆ ಸದ್ದು ಮಾಡಬಾರದು ಎಂದು ಹೇಳಿದರು. ಅಜ್ಜಿ ಬಳೆಗಳನ್ನು ಮೊಳಕೈವರೆಗೆ ಏರಿಸಿಕೊಂಡು ಕೂತರು.

ತಾಳ ಹೊರಟಿತು. ಅಜ್ಜಿಯ ಮುಖ ನೋಡಿದೆ. ಪದ ನುಗ್ಗಿಕೊಂಡು ಬಂತು. ರೈಲು ಹತ್ತಿ ಬಂದ ಬೀಗಿತ್ತಿ, ಟಿಕೇಟು ಸೆರಗಿಗೆ ಕಟ್ಟಿಕೊಂಡ ಬೀಗಿತ್ತಿ, ಬೆಂಗಳೂರಿನ ನಲ್ಲಿ ನೋಡಿ ಕೈಮುಗಿದ ಬೀಗಿತ್ತಿ. ವಿಕ್ಟರನ ಬೆರಳು ಕುಣಿಯುತ್ತಿದ್ದವು, ಡ್ರಮ್ಮಿನವನು ಎದ್ದೇ ನಿಂತಿದ್ದ. ಸುತ್ತು ಮುಗಿದು ನಾಲ್ಕು ಮನೆ ಖಾಲಿ ಬಂತು. ಆ ಖಾಲಿಗೆ ಅಜ್ಜಿ ಕುರ್ಚಿಯಿಂದಲೇ, ತುಂಬು ಗಂಟಲಲ್ಲಿ ಎತ್ತಿದರು:

ಗಾಜಿನ್ ಪೆಟ್ಗೇಲಿ ಕೂತ್ಕಂಡ ಗಿಣಿಯಮ್ಮ
ಕಾಳ್ ಹಾಕೋರ್ ಯಾರೆ, ಬಾಗ್ಲು ತೆಗ್ಯೋರ್ ಯಾರೆ...

ಆಚೆ ಕೋಣೆಯಲ್ಲಿದ್ದ ಎಂಜಿನಿಯರು ಕೈ ಎತ್ತಿ ನಿಲ್ಲಿಸಿದ. ಎಲ್ಲ ನಿಂತಿತು. ಅಜ್ಜಿಗೆ ಇನ್ನೊಂದು ಸಾಲು ಬಾಕಿ ಇತ್ತು, ಬಾಯಿ ತೆರೆದೇ ಇತ್ತು.

ಇನ್ನು ಮೇಲಿನದು ನಾನು ಯಾರಿಗೂ ಹೇಳದ ಭಾಗ. ವಿಕ್ಟರ್ ಸಿಟ್ಟಾಗಲಿಲ್ಲ. ಹೆಡ್‌ಫೋನಿನಲ್ಲಿ, ಸಾರಾ, ಇದು ನಿನ್ನ ಹಾಡು, ಹೇಗೆ ಮಾಡೋಣ ನೀನೇ ಹೇಳು, ಎಂದ. ಅಜ್ಜಿಗೂ ಒಂದು ಮೈಕು ಇಡೋಣ ಎಂದು ಹೇಳಿದ್ದರೆ ಇಡುತ್ತಿದ್ದ. ನನಗೆ ಆ ಸೊಲ್ಲು ಚುಚ್ಚಿತ್ತು. ಅಲ್ಲಿದ್ದ ಗಂಡಸರಲ್ಲಿ ಯಾರಿಗೂ ಅದರ ಅರ್ಥ ಆಗಿರಲಿಲ್ಲ, ನನಗೊಬ್ಬಳಿಗೇ ಆಗಿತ್ತು. ಸೆರಗು ಹೊದ್ದು ಕೂತ ಈ ಹಳ್ಳಿ ಮುದುಕಿ ಈ ದೊಡ್ಡ ಜನರೆದುರು ನನ್ನನ್ನು ಹೀಗೆ ಮಾಡಿದಳಲ್ಲ ಎಂದು ನಾಚಿಕೆಯೂ ಆಯಿತು. ಹೌದು, ನಾಚಿಕೆ. ಮೈಕಿನ ಮುಂದೆ ಹೇಳಿದೆ, ಅಜ್ಜಿಯನ್ನು ಹೊರಗೆ ಕೂರಿಸಿ ಬರುತ್ತೇನೆ. ಎಂಜಿನಿಯರು ಕೇಳಿದ, ಟೇಪು ಕಡಿಮೆ ಇದೆ, ಇದನ್ನು ಅಳಿಸಿ ಇದರ ಮೇಲೇ ಮುಂದಿನದು ಹೊಡೆಯಲಾ. ನಾನು ಹೂಂ ಎಂದೆ.

ಅಜ್ಜಿಯ ರಟ್ಟೆ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದೆ. ಆಮೇಲೆ ಒಂಬತ್ತು ಸಲ ಹಾಡಿದೆ. ಶ್ರುತಿ ಸರಿ, ತಾಳ ಸರಿ, ಒಂದು ಕೆಮ್ಮೂ ಇಲ್ಲ. ಒಂಬತ್ತನೆಯದನ್ನು ಕೇಳಿ ವಿಕ್ಟರ್ ಪಿಯಾನೋ ಮುಚ್ಚಿದ. ತಪ್ಪೇನೂ ಇಲ್ಲ ಸಾರಾ, ಜೀವವೂ ಇಲ್ಲ, ಎಂದಷ್ಟೇ ಹೇಳಿದ. ರೆಕಾರ್ಡ್ ಬಂದಾಗ ಅದರಲ್ಲಿ ಬರೀ ವಾದ್ಯಗಳಿದ್ದವು.

ಅಜ್ಜಿಯನ್ನು ರೈಲು ಹತ್ತಿಸಲು ಹೋದಾಗ, ಹಾಡಿನ ನಡುವೆ ಯಾಕೆ ಬಾಯಿ ಹಾಕಿದಿರಿ ಎಂದು ನಾನೇ ಕೇಳಿದೆ. ಕೇಳಿದ ರೀತಿಯೂ ಚೆನ್ನಾಗಿರಲಿಲ್ಲ.

"ಸುಮ್ಕೆ ಕೂತ್ರೆ ಹಾಡ್ದೋರಿಗೆ ಅವಮಾನ ಅಲ್ವೇನವ್ವ," ಎಂದರು ಅಜ್ಜಿ. "ನೀನು ಅಷ್ಟು ಚೆಂದಾಗಿ ಹಾಡ್ದೆ. ನಂಗೆ ತಡ್ಕಳಾಕ್ ಆಗ್ನಿಲ್ಲ."

ಉಳಿದ ಆ ಸಾಲು ಏನಿತ್ತು ಎಂದು ನಾನು ಕೇಳಲಿಲ್ಲ. ಅವರು ಬದುಕಿದ್ದ ಇನ್ನೂ ಐದು ವರ್ಷದಲ್ಲಿ ಊರಿಗೆ ಹೋದಾಗಲೆಲ್ಲ ಕೇಳಬೇಕೆಂದುಕೊಂಡು ಹೋಗುತ್ತಿದ್ದೆ. ನನ್ನ ಮುಂದೆ ಅವರು ಮತ್ತೆ ಹಾಡಲಿಲ್ಲ. ನಾನು ಇರುವ ಮದುವೆಗಳಲ್ಲಿ ಗಂಟಲು ಸರಿಯಿಲ್ಲ ಎಂದುಬಿಡುತ್ತಿದ್ದರು. ಗಂಟಲು ಸರಿಯಾಗಿಯೇ ಇತ್ತೆಂದು ಉಳಿದ ಹೆಂಗಸರು ನನಗೆ ಹೇಳುತ್ತಿದ್ದರು.

ಆಮೇಲಿನ ವರ್ಷಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಬ್ಯಾಂಡುಗಳು ಒಂದೊಂದಾಗಿ ಹೋದವು, ಟ್ರ್ಯಾಕ್ ಬಂತು. ಟ್ರ್ಯಾಕ್ ಎಂದರೆ ವಾದ್ಯವೆಲ್ಲ ಮೊದಲೇ ತುಂಬಿಸಿಟ್ಟ ಪೆಟ್ಟಿಗೆ, ಅದರ ಮೇಲೆ ನೀವು ಹಾಡಿಕೊಂಡು ಹೋಗಬೇಕು. ಬೆಂಗಳೂರು ಬಿಟ್ಟು ಬೇಲೂರಿನ ಹತ್ತಿರದ ಒಂದು ರೆಸಾರ್ಟಿನಲ್ಲಿ ಆರು ವರ್ಷ ಅದನ್ನೂ ಮಾಡಿದೆ. ಹಳೇಬೀಡು ನೋಡಿ, ಬಿಸಿಲಿಗೆ ಬಾಡಿ ಬಂದ ಪ್ರವಾಸಿಗಳು ಹುಲ್ಲಿನ ಮೇಲೆ ಕಾಲು ಚಾಚಿಕೊಂಡು ಕೂರುತ್ತಿದ್ದರು, ನಾನು ಮೂಲೆಯಲ್ಲಿ ಹಾಡುತ್ತಿದ್ದೆ. ಮೊದಲ ವಾರವೇ ಮೈಮರೆತು ಒಂದು ಸುತ್ತು ಹೆಚ್ಚು ಹಾಡಿಬಿಟ್ಟೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ತನ್ನ ಪಾಡಿಗೆ ಮುಗಿಯಿತು. ನಾನೊಬ್ಬಳೇ ಬಯಲಿನಲ್ಲಿ ಕೂಗಿಕೊಳ್ಳುತ್ತಾ ನಿಂತಿದ್ದೆ. ಜನ ಅದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟುಕೊಂಡು ಹಾಡುವುದನ್ನು ಕಲಿತೆ. ಕಲಿತ ದಿನವೇ ನನ್ನ ಹಾಡಿನ ಕೆಲಸ ಮುಗಿದಿತ್ತು, ರೆಸಾರ್ಟು ಬಿಟ್ಟದ್ದು ಮಾತ್ರ ತಡವಾಗಿ.

ಈಗ ನನ್ನ ಹತ್ತಿರ ಕಲಿಯಲು ಬರುವವಳು ಮೇಘನಾ ಒಬ್ಬಳೇ. ಹಳೇಬೀಡಿನವಳು, ಇಪ್ಪತ್ತೆರಡು ವರ್ಷ. ನಾನು ಬಿಟ್ಟ ಅದೇ ರೆಸಾರ್ಟಿನಲ್ಲಿ ಟ್ರ್ಯಾಕಿನ ಮೇಲೆ ಹಾಡುತ್ತಾಳೆ. ಭಾನುವಾರ ಬಾಣಾವರದ ಮೇಲೆ ಬಸ್ಸು ಹಿಡಿದು ಬರುತ್ತಾಳೆ. ಕಿವಿ ಒಳ್ಳೆಯದು, ನಾಲಿಗೆ ಅದಕ್ಕಿಂತ ಚುರುಕು. ಬೀಗರ ಹಾಡಿನ ವರಸೆಯನ್ನೆಲ್ಲ ಅವಳಿಗೆ ಹೇಳಿಕೊಟ್ಟಿದ್ದೇನೆ. ನಾನು ಒಂದು ಎಸೆದರೆ ಅವಳು ಎರಡು ಎಸೆಯುತ್ತಾಳೆ, ಒಮ್ಮೊಮ್ಮೆ ನನಗೇ ಜವಾಬು ಸಿಗುವುದಿಲ್ಲ. ಬಾಯಿಗೆ ಹೇಳುವುದಿಲ್ಲ, ಆದರೆ ಭಾನುವಾರಕ್ಕೆ ಕಾಯುತ್ತೇನೆ. ಆ ಬೆಂಚಿನ ವಿಷಯ ಮಾತ್ರ ಅವಳಿಗೂ ಹೇಳಿರಲಿಲ್ಲ.

ಹೋದ ವರ್ಷ ಅವಳು ಹಠ ಹಿಡಿದಳು. ಮೇಡಂ, ನಿಮ್ಮದು ಅಂತ ಒಂದೂ ಇಲ್ಲವಲ್ಲ, ನಾನು ಮಾಡುತ್ತೇನೆ, ಎಂದು. ಮೂರು ತಿಂಗಳು ಬೇಡವೆಂದೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಒಳ್ಳೆಯ ಮೈಕು, ಫೋನು ನಿಲ್ಲಿಸುವ ಕಡ್ಡಿ ಎಲ್ಲ ತಂದು ನನ್ನ ಮನೆಯ ನಡುಮನೆಯಲ್ಲೇ ಕಟ್ಟಿದಳು. ಕಿಟಕಿ ಮುಚ್ಚಿದಳು, ಫ್ಯಾನು ಆರಿಸಿದಳು, ಫ್ರಿಜ್ಜಿನ ವೈರು ಕೂಡ ಕಿತ್ತಳು. ಹನ್ನೆರಡು ಮನೆಯ ತಾಳವನ್ನು ಹೆಡ್‌ಫೋನಿನಲ್ಲಿ ನನ್ನ ಕಿವಿಗೆ ಹಾಕಿ ಎದುರಿಗೆ ಕೂತಳು.

ಅವಳ ಮುಖ ನೋಡಿದೆ. ಎಷ್ಟು ವರ್ಷದ ಮೇಲೆ ಅದು ಬಂತೋ. ಗಂಟಲು ಹರಿದಿದೆ, ಮೇಲಿನ ಸ್ವರಗಳು ಹೋಗಿವೆ, ಆದರೆ ಪದ ಹಳಸಿರಲಿಲ್ಲ. ಅವಳ ಕಿವಿಯ ಜುಮುಕಿ, ಅವಳ ರೆಸಾರ್ಟಿನ ಯೂನಿಫಾರಂ, ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಹೋಗಿ ಊರು ದಾಟಿಹೋದದ್ದು, ಎಲ್ಲವನ್ನೂ ಎಳೆದು ತಂದೆ. ಸುತ್ತು ಮುಗಿಸಿ ನಾಲ್ಕು ಮನೆ ಅವಳಿಗೆಂದು ಬಿಟ್ಟೆ.

ಅವಳು ತುಟಿ ಬಿಗಿಹಿಡಿದು ಕೂತಿದ್ದಳು. ಕೆನ್ನೆ ಉಬ್ಬಿತ್ತು, ನಗು ತಡೆದು ಕಣ್ಣಲ್ಲಿ ನೀರು ಬಂದಿತ್ತು. ಕೈಯಿಂದ ಮುಂದುವರಿಸಿ ಎಂದು ಸನ್ನೆ ಮಾಡಿದಳು. ಇನ್ನೊಂದು ಸುತ್ತು ಹಾಡಿದೆ, ಇನ್ನೂ ಚುಚ್ಚುವ ಹಾಗೆ. ಮತ್ತೆ ನಾಲ್ಕು ಮನೆ ಬಿಟ್ಟೆ. ಅವಳು ಬಾಯಿಗೆ ಅಂಗೈ ಒತ್ತಿಕೊಂಡಳು. ಹಾಡು ಮುಗಿಸಿದೆ.

ಅವಳು ಫೋನು ನಿಲ್ಲಿಸಿ ಬಂದು ನನ್ನ ಕೈ ಹಿಡಿದುಕೊಂಡಳು. ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಬಂದಿತ್ತು ಮೇಡಂ, ಬಾಯ್ ತುದೀಲೇ ಇತ್ತು. ನಿಮ್ ರೆಕಾರ್ಡಿಂಗ್ ಹಾಳಾಗುತ್ತೆ ಅಂತ ತಡ್ಕೊಂಡೆ."

ಏನು ಬಂದಿತ್ತು, ಈಗ ಹೇಳು, ಎಂದೆ. ಈ ಸಲ ಕೇಳಿದೆ.

ಅವಳು ಮೇಲೆ ನೋಡಿದಳು, ಸ್ವಲ್ಪ ಯೋಚಿಸಿದಳು. "ಅಯ್ಯೋ, ಹೋಯ್ತು ಮೇಡಂ. ಈಗ ನೆನಪಿಲ್ಲ."

ಅವಳಲ್ಲಿ ಏನು ತಪ್ಪು? ಒಳ್ಳೆಯ ಹುಡುಗಿ, ಗೌರವಕ್ಕೆ ಬಾಯಿ ಮುಚ್ಚಿಕೊಂಡಳು. ಮತ್ತೊಂದು ಸಲ ಮಾಡೋಣ, ನೀನೂ ಹಾಡು, ಎಂದು ಆಗಲೇ ಕೂರಿಸಿದೆ. ಅವಳು ಹಾಡಿದಳು, ನಾನೂ ಹಾಡಿದೆ, ಇಬ್ಬರದೂ ಬಾಯಿಪಾಠ ಒಪ್ಪಿಸಿದಂತಿತ್ತು. ಅದನ್ನು ನಾನೇ ಅಳಿಸಲು ಹೇಳಿದೆ.

ಮೊದಲನೆಯದನ್ನು ಅವಳು ಎಲ್ಲರೂ ಕೇಳುವ ಕಡೆ ಹಾಕಿದ್ದಾಳೆ. ಸರೋಜ ಎಂದೇ ಹೆಸರಿದೆ. ಹೀಗೆ ನನ್ನದೂ ಒಂದು ರೆಕಾರ್ಡಿಂಗ್ ಆಯಿತು. ಬಹಳ ಸ್ವಚ್ಛವಾಗಿದೆ, ಒಂದು ಬಳೆಯ ಸದ್ದೂ ಇಲ್ಲ. ನಡುವೆ ಎರಡು ಕಡೆ ನಾಲ್ಕು ನಾಲ್ಕು ಮನೆ ಖಾಲಿ ಬಿದ್ದಿವೆ. ಕೇಳಿದವರು, ಪಾಪ ವಯಸ್ಸಾಯಿತಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದಾರೆ, ಎನ್ನುತ್ತಾರೆ.